ಒಂದೇ ಬಾಗಿಲಲ್ಲಿ ಬಂದ ಮೂರು ಪುಸ್ತಕ

2012ರ ಜುಲೈ 17. ಅಮೆರಿಕದ ಆಟದಂಗಡಿಗಳ ಕಪಾಟಿಗೆ ಅವತ್ತು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಮೂರು ಹಳೆಯ ನಿಯಮಪುಸ್ತಕ ಮರುಮುದ್ರಣಗೊಂಡು ಬಂದು ಕೂತವು. ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ 34 ಡಾಲರ್ 95 ಸೆಂಟು, ‘ಮಾನ್‌ಸ್ಟರ್ ಮ್ಯಾನುಯಲ್’ ಕೂಡ ಅಷ್ಟೇ, ‘ಡಂಜನ್ ಮಾಸ್ಟರ್ಸ್ ಗೈಡ್’ 44 ಡಾಲರ್ 95 ಸೆಂಟು. ಮೂರೂ ಸೇರಿ 114 ಡಾಲರ್ 85 ಸೆಂಟು. ಅಂದಿನ ವಿನಿಮಯ ದರದಲ್ಲಿ ಆರು ಸಾವಿರ ರೂಪಾಯಿ ದಾಟುವ ಮೊತ್ತ. ಹೊದಿಕೆ ಹೊಸದು. ಒಳಗಿನ ಮಾತು ಮೂವತ್ತು ವರ್ಷಕ್ಕೂ ಹಳೆಯದು.

ಪ್ರಕಾಶಕರು ವಿಜಾರ್ಡ್ಸ್ ಆಫ್ ದ ಕೋಸ್ಟ್. ಹ್ಯಾಸ್‌ಬ್ರೊ ಎಂಬ ದೊಡ್ಡ ಆಟಿಕೆ ಕಂಪನಿ 1999ರಲ್ಲಿ ಕೊಂಡ ಸಂಸ್ಥೆ. ಅಮೆರಿಕದ ಯಾವ ಪುಸ್ತಕ ಸರಪಳಿಗೆ ಬೇಕಾದರೂ ಒಂದೇ ವಾರದಲ್ಲಿ ಮಾಲು ತಲುಪಿಸುವ ತಾಕತ್ತಿದ್ದ ಈ ಕಂಪನಿ, ಈ ಮೂರು ಪುಸ್ತಕಗಳನ್ನು ಉತ್ತರ ಅಮೆರಿಕದಲ್ಲಿ ಹಾಬಿ ಅಂಗಡಿಗಳಲ್ಲಿ, ಅಂದರೆ ಸಣ್ಣ ಆಟದಂಗಡಿಗಳಲ್ಲಿ, ಮಾತ್ರ ಮಾರುತ್ತೇವೆ ಎಂದಿತು. ಮಾಲ್‌ನ ದೊಡ್ಡ ಪುಸ್ತಕದಂಗಡಿಗೆ ಇಲ್ಲ, ಅಮೆಜಾನ್‌ಗೂ ನೇರ ಸರಬರಾಜಿಲ್ಲ. ಮುದ್ರಣ ಸೀಮಿತ. ಮಾರಾಟದ ಒಂದು ಪಾಲು ಒಬ್ಬ ಸತ್ತ ಲೇಖಕನ ಸ್ಮಾರಕ ನಿಧಿಗೆ.

ಹೆಬ್ಬಾಗಿಲು ಹಾಕಿ ಹಿತ್ತಿಲ ಬಾಗಿಲಲ್ಲಿ ವ್ಯಾಪಾರ ಮಾಡಿದ್ದು ಯಾಕೆ? ಆ ಬೆಲೆ ಬಂದದ್ದು ಎಲ್ಲಿಂದ? ದುಡ್ಡು ಕೊಟ್ಟವರು ಯಾರು, ಲಾಭ ಉಂಡವರು ಯಾರು? ‘ಕಡಿಮೆ ಪ್ರತಿ ಅಚ್ಚುಹಾಕಿ ಅಭಿಮಾನಿಗಳ ಜೇಬಿಗೆ ಕತ್ತರಿ ಹಾಕಿದರು’ ಎಂದು ಬರೆದು ಮುಗಿಸುವುದು ಸುಲಭ. ಲೆಕ್ಕ ಬಿಡಿಸಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಕಂಪನಿ ಇಲ್ಲಿ ಓದುಗನಿಂದ ಹೆಚ್ಚು ಕಿತ್ತುಕೊಳ್ಳಲಿಲ್ಲ. ಅಂಗಡಿಯವನಿಗೆ ಒಂದು ಹಳೆಯ ಸಾಲ ತೀರಿಸಿತು ಎಂಬುದು ನನ್ನ ಓದು.

ಸರಕು ಎಂಥದು

ಈ ಆಟ ಗೊತ್ತಿಲ್ಲದವರು ತಾಳಮದ್ದಳೆಯನ್ನು ನೆನೆದರೆ ಅರ್ಧ ಪರಿಚಯ ಆದಂತೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಪಾತ್ರವಾಗಿ ಆಶುವಾಗಿ ಮಾತಾಡುವುದು. ಭಾಗವತರ ಜಾಗದಲ್ಲಿ ಡಂಜನ್ ಮಾಸ್ಟರ್ ಎಂಬ ಒಬ್ಬ ಪ್ರಸಂಗ ನಡೆಸುತ್ತಾನೆ, ಉಳಿದ ನಾಲ್ಕೈದು ಜನ ಅರ್ಥಧಾರಿಗಳು. ವ್ಯತ್ಯಾಸ ಒಂದೇ. ಕರ್ಣ ಕೊನೆಗೆ ಸಾಯುತ್ತಾನೆ ಎಂಬುದು ತಾಳಮದ್ದಳೆಗೆ ಬಂದವರಿಗೆಲ್ಲ ಗೊತ್ತು. ಇಲ್ಲಿ ಕರ್ಣ ಸಾಯುತ್ತಾನೋ ಇಲ್ಲವೋ ಎಂದು ದಾಳ ಹೇಳಬೇಕು. ದಾಳ ಹೇಗೆ ಬಿದ್ದರೆ ಏನು ಎಂದು ಬರೆದಿಟ್ಟ ನಿಯಮಗ್ರಂಥಗಳೇ ಈ ಉದ್ಯಮದ ಮುಖ್ಯ ಸರಕು.

ಇದು ವ್ಯಾಪಾರಿಯ ಕಣ್ಣಿಗೆ ತೀರ ಕೆಟ್ಟ ಸರಕು. ಐದು ಜನಕ್ಕೆ ಒಂದು ಸೆಟ್ ಸಾಕು. ಒಮ್ಮೆ ಕೊಂಡರೆ ಸವೆಯುವುದಿಲ್ಲ, ಮುಗಿಯುವುದಿಲ್ಲ, ಅವಧಿ ಮೀರುವುದಿಲ್ಲ. 1979ರಲ್ಲಿ ಕೊಂಡ ಪುಸ್ತಕ ಹಿಡಿದು ಇವತ್ತೂ ಆಡಬಹುದು, ಆಡುವವರಿದ್ದಾರೆ. ಹಾಗಾಗಿ ಪ್ರಕಾಶಕ ಬದುಕಬೇಕಾದರೆ ಹತ್ತು ವರ್ಷಕ್ಕೊಮ್ಮೆ ಹೊಸ ಆವೃತ್ತಿ ತಂದು, ಹಳೆಯದು ಹಳೆಯದಾಯಿತು ಎಂದು ಆಟಗಾರರನ್ನು ಒಪ್ಪಿಸಲೇಬೇಕು. ಪ್ರತಿ ಸಲವೂ ಒಂದಷ್ಟು ಜನ ಒಪ್ಪುವುದಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟವನ್ನು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ತಂದರು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರು, ಟಿಎಸ್‌ಆರ್ ಎಂಬ ಸಣ್ಣ ಕಂಪನಿ, ಪೆಟ್ಟಿಗೆಯಲ್ಲಿ ಮೂರು ಕಿರುಹೊತ್ತಗೆ, ಬೆಲೆ 10 ಡಾಲರ್. ಮೊದಲ ಸಾವಿರ ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಿದ್ದರು. ಆಮೇಲೆ ಗೈಗ್ಯಾಕ್ಸ್ ಅದನ್ನು ಹಿಗ್ಗಿಸಿ, ‘ಅಡ್ವಾನ್ಸ್‌ಡ್’ ಎಂಬ ವಿಶೇಷಣ ಸೇರಿಸಿ ಗಟ್ಟಿರಟ್ಟಿನ ಮೂರು ಪುಸ್ತಕ ಮಾಡಿದರು: 1977ರಲ್ಲಿ ರಾಕ್ಷಸರ ಕೋಶ (ಮಾನ್‌ಸ್ಟರ್ ಮ್ಯಾನುಯಲ್), 1978ರಲ್ಲಿ ಆಟಗಾರರ ಕೈಪಿಡಿ (ಪ್ಲೇಯರ್ಸ್ ಹ್ಯಾಂಡ್‌ಬುಕ್), 1979ರಲ್ಲಿ ಸೂತ್ರಧಾರನ ಮಾರ್ಗದರ್ಶಿ (ಡಂಜನ್ ಮಾಸ್ಟರ್ಸ್ ಗೈಡ್). ‘ಮೊದಲ ಆವೃತ್ತಿ’ ಎಂದು ಕರೆಯುವುದು ಇವನ್ನೇ. 2012ರಲ್ಲಿ ಮರುಮುದ್ರಣವಾದವು ಇವೇ ಮೂರು.

ಕಂಪನಿ ಆಗ ಯಾವ ಸ್ಥಿತಿಯಲ್ಲಿತ್ತು

ವಿಜಾರ್ಡ್ಸ್ 2008ರ ಜೂನ್‌ನಲ್ಲಿ ನಾಲ್ಕನೇ ಆವೃತ್ತಿ ತಂದಾಗ ಆಟಗಾರರ ಮನೆ ಒಡೆಯಿತು. ಹಿಂದಿನ ಆವೃತ್ತಿಯ ನಿಯಮಗಳನ್ನು, ಯಾರು ಬೇಕಾದರೂ ಬಳಸಬಹುದೆಂಬ ಮುಕ್ತ ಪರವಾನಗಿಯಡಿ, ಬಳಸಿಕೊಂಡು ಪೈಜೊ ಎಂಬ ಪ್ರಕಾಶಕ 2009ರ ಆಗಸ್ಟ್‌ನಲ್ಲಿ ‘ಪಾತ್‌ಫೈಂಡರ್’ ತಂದಿತು. 576 ಪುಟ, 49 ಡಾಲರ್ 99 ಸೆಂಟು, ಪಿಡಿಎಫ್ ಬೇಕಾದರೆ 9 ಡಾಲರ್ 99 ಸೆಂಟು. ಒಡೆದು ಹೋದವರು ಅಲ್ಲಿ ಸೇರಿಕೊಂಡರು.

ಅದೇ 2009ರ ಏಪ್ರಿಲ್‌ನಲ್ಲಿ ವಿಜಾರ್ಡ್ಸ್ ಇನ್ನೊಂದು ಕೆಲಸ ಮಾಡಿತ್ತು. ಕಳ್ಳಪ್ರತಿಯ ಕಾರಣ ಕೊಟ್ಟು, ಹೊಸದು ಹಳೆಯದು ಎನ್ನದೆ ತನ್ನ ಎಲ್ಲ ಪಿಡಿಎಫ್‌ಗಳ ಮಾರಾಟವನ್ನು ಹಠಾತ್ತನೆ ನಿಲ್ಲಿಸಿತು. ಅಲ್ಲಿಂದಾಚೆ ಗೈಗ್ಯಾಕ್ಸ್ ಬರೆದ ಈ ಹಳೆಯ ನಿಯಮಪುಸ್ತಕಗಳನ್ನು ದುಡ್ಡು ಕೊಟ್ಟು ಹೊಸದಾಗಿ ಕೊಳ್ಳುವ ದಾರಿ ಉಳಿಯಲಿಲ್ಲ. ಹಳೆ ಪುಸ್ತಕದಂಗಡಿ, ಇಲ್ಲವೇ ಕಳ್ಳಪ್ರತಿ. ಕಳ್ಳತನ ತಡೆಯಲು ಹೊರಟು ಪ್ರಾಮಾಣಿಕರಿಗಷ್ಟೇ ಬಾಗಿಲು ಹಾಕಿದ ಈ ನಿರ್ಧಾರವನ್ನು ಹಳೆಯ ಆಟಗಾರರು ಮರೆಯಲಿಲ್ಲ.

2012ರ ಜನವರಿ 9ರಂದು ಕಂಪನಿ ಹೊಸ ಆವೃತ್ತಿಯ ಕೆಲಸ ಶುರುವಾಗಿದೆ ಎಂದು ಪ್ರಕಟಿಸಿತು. ಎಲ್ಲ ಕಾಲದ ಆಟಗಾರರನ್ನೂ ಒಂದೇ ಮೇಜಿಗೆ ತರುವುದು ಗುರಿ ಎಂದಿತು. ಅದೇ ತಿಂಗಳು ಮರುಮುದ್ರಣದ ಸುದ್ದಿಯೂ ಬಂತು. ಎರಡು ಸುದ್ದಿ ಒಂದರ ಬೆನ್ನಿಗೊಂದು ಬಂದದ್ದು ಕಾಕತಾಳೀಯ ಎಂದು ನಾನು ನಂಬುವುದಿಲ್ಲ. ಹೊಸ ಆವೃತ್ತಿ ಬರುತ್ತದೆ ಎಂದು ಸಾರಿದ ದಿನವೇ ಈಗಿನ ಆವೃತ್ತಿಯ ಮಾರಾಟಕ್ಕೆ ಸೂತಕ ತಟ್ಟುತ್ತದೆ. ನಾಳೆ ಹಳತಾಗುವುದನ್ನು ಇವತ್ತು ಯಾರು ಕೊಳ್ಳುತ್ತಾರೆ? ಹೊಸ ಪುಸ್ತಕ ಬಂದದ್ದು 2014ರ ಆಗಸ್ಟ್‌ನಲ್ಲಿ. ನಡುವೆ ಎರಡೂವರೆ ವರ್ಷ ಅಂಗಡಿಯವನ ಕಪಾಟಿನಲ್ಲಿ ಏನಿಡಬೇಕು? ನಿಯಮ ಬರೆಯುವವರಿಗೆ ಸಂಬಳ ಕೊಡಬೇಕಿಲ್ಲದ, ಪರೀಕ್ಷೆಯಾಟ ಬೇಕಿಲ್ಲದ, ಆಗಲೇ ಪಳಗಿದ ಸರಕೆಂದರೆ ಅಟ್ಟದ ಮೇಲಿದ್ದ ಹಳೆಯ ಪುಸ್ತಕಗಳು. ಮೊದಲ ಆವೃತ್ತಿಯ ಹಿಂದೆಯೇ 2012ರ ಸೆಪ್ಟೆಂಬರಿನಲ್ಲಿ ‘3.5’ ಎಂದು ಕರೆಯುವ, ನಾಲ್ಕನೆಯದಕ್ಕೆ ಹಿಂದಿನ ಆವೃತ್ತಿ, 2013ರಲ್ಲಿ ಎರಡನೆಯ ಆವೃತ್ತಿ, ಆ ವರ್ಷದ ಕೊನೆಗೆ 1974ರ ಮೂಲ ಹೊತ್ತಗೆಗಳು ಎಂದು ಸಾಲು ಹಿಡಿದು ಬಂದದ್ದನ್ನು ನೋಡಿದರೆ, ಖಾಲಿ ಕಪಾಟು ತುಂಬಿಸುವ ಯೋಜನೆ ಮೊದಲಿನಿಂದ ಇತ್ತೆಂದು ಕಾಣುತ್ತದೆ.

34 ಡಾಲರ್ 95 ಸೆಂಟಿನ ಮೂಲ

ಬೆಲೆಯ ಲೆಕ್ಕ ಈ ಪ್ರಕರಣದಲ್ಲಿ ನನಗೆ ಅತ್ಯಂತ ರುಚಿಸಿದ ಭಾಗ.

1978ರಲ್ಲಿ ಆಟಗಾರರ ಕೈಪಿಡಿಯ ಬೆಲೆ 9 ಡಾಲರ್ 95 ಸೆಂಟು. ಅಮೆರಿಕದ ಗ್ರಾಹಕ ಬೆಲೆ ಸೂಚ್ಯಂಕ ಅಲ್ಲಿಂದ 2012ಕ್ಕೆ ಸುಮಾರು ಮೂರೂವರೆ ಪಟ್ಟಾಯಿತು. ಗುಣಿಸಿದರೆ 35 ಡಾಲರ್. ಮರುಮುದ್ರಣದ ಬೆಲೆ 34 ಡಾಲರ್ 95 ಸೆಂಟು! ಹಣದುಬ್ಬರ ಕಳೆದರೆ 1978ರ ಹುಡುಗ ಕೊಟ್ಟಷ್ಟನ್ನೇ 2012ರ ನಡುವಯಸ್ಕ ಕೊಟ್ಟ, ಒಂದು ಸೆಂಟೂ ಹೆಚ್ಚಿಲ್ಲ. ‘ಪ್ರೀಮಿಯಂ’ ಎಂಬ ಹಣೆಪಟ್ಟಿ ಹೊತ್ತ ಪುಸ್ತಕಕ್ಕೆ ಇದು ವಿಚಿತ್ರ ಬೆಲೆಯೇ.

ಆದರೆ ಕಂಪನಿಯ ಯಾರೋ ಸೂಚ್ಯಂಕದ ಪಟ್ಟಿ ಹಿಡಿದು ಕೂತು ಹೀಗೆ ನಿಗದಿ ಮಾಡಿದರು ಎಂದು ನನಗನಿಸುವುದಿಲ್ಲ. 2008ರ ನಾಲ್ಕನೇ ಆವೃತ್ತಿಯ ಕೈಪಿಡಿಯ ಬೆಲೆಯೂ ಸರಿಯಾಗಿ 34 ಡಾಲರ್ 95 ಸೆಂಟೇ ಆಗಿತ್ತು. ಕಪಾಟಿನಲ್ಲಿ ಪಕ್ಕಪಕ್ಕ ಕೂರುವ ಎರಡು ಕೈಪಿಡಿಗೆ ಒಂದೇ ಬೆಲೆ ಹಚ್ಚಿದರು, ಅಷ್ಟೇ. ಹಣದುಬ್ಬರದ ಹೊಂದಿಕೆ ತಾನಾಗಿ ಒದಗಿದ್ದು. ಗಟ್ಟಿರಟ್ಟಿನ ನಿಯಮಪುಸ್ತಕವೊಂದಕ್ಕೆ ಆಟಗಾರ ಎಷ್ಟು ಕೊಟ್ಟಾನು ಎಂಬ ಅಂದಾಜು ಮೂವತ್ತೈದು ವರ್ಷ ಮಿಸುಕಾಡಿರಲಿಲ್ಲ ಎನ್ನುವುದನ್ನಷ್ಟೇ ಅದು ತೋರಿಸುತ್ತದೆ.

ಪುಟದ ಲೆಕ್ಕಕ್ಕೆ ಬಂದರೆ ಚಿತ್ರ ತಿರುವುಮುರುವು. ನಾಲ್ಕನೇ ಆವೃತ್ತಿಯ ಕೈಪಿಡಿ 320 ಬಣ್ಣದ ಪುಟ: ಪುಟಕ್ಕೆ ಸುಮಾರು 11 ಸೆಂಟು. ಪಾತ್‌ಫೈಂಡರ್ ಪುಟಕ್ಕೆ 9 ಸೆಂಟೂ ಬೀಳುವುದಿಲ್ಲ. ಹಳೆಯ ಕೈಪಿಡಿ 128 ಕಪ್ಪುಬಿಳುಪು ಪುಟ: ಪುಟಕ್ಕೆ 27 ಸೆಂಟು. ರಾಕ್ಷಸರ ಕೋಶ 112 ಪುಟ: 31 ಸೆಂಟು. ಪುಟಕ್ಕಿಷ್ಟು ಎಂದು ಅಳೆದು ಕೊಳ್ಳುವ ನಮ್ಮ ಗ್ರಂಥಾಲಯ ಸಗಟು ಖರೀದಿಯ ಕಣ್ಣಿಗೆ ಇದು ಹಗಲು ದರೋಡೆ. ಓದುಗ ಮಾತ್ರ ಪುಟ ಎಣಿಸಿ ಕೊಂಡಿಲ್ಲ. ಮೂರರಲ್ಲಿ ದುಬಾರಿಯಾಗಿ ಕಂಡ ಮಾರ್ಗದರ್ಶಿಯೇ ಪುಟದ ಲೆಕ್ಕದಲ್ಲಿ ಅಗ್ಗ. 240 ಪುಟಕ್ಕೆ 44 ಡಾಲರ್ 95 ಸೆಂಟು ಅಂದರೆ ಪುಟಕ್ಕೆ 19 ಸೆಂಟು ದಾಟದು.

ಆಗ ಮೂಲ ಪ್ರತಿಗಳೇನು ಅಪರೂಪವಾಗಿದ್ದವೇ? ಇಲ್ಲ. ಟಿಎಸ್‌ಆರ್ ಈ ಮೂರನ್ನೂ ವರ್ಷಗಟ್ಟಲೆ ಮರುಮುದ್ರಿಸಿ ಮಾರಿತ್ತು. ಹಳೆ ಪುಸ್ತಕದಂಗಡಿಯಲ್ಲಿ, ಗ್ಯಾರೇಜ್ ಸೇಲ್‌ನಲ್ಲಿ, ಇಬೇಯಲ್ಲಿ ಧಾರಾಳವಾಗಿ ಸಿಗುತ್ತಿದ್ದವು, ಮರುಮುದ್ರಣಕ್ಕಿಂತ ಅಗ್ಗವಾಗಿಯೇ. ನಿಯಮಗಳಷ್ಟೇ ಸಾಕು ಎನ್ನುವವನಿಗೆ ಇನ್ನೂ ಸಲೀಸು. ಮೊದಲ ಆವೃತ್ತಿಯ ನಿಯಮಗಳನ್ನು ಬೇರೆ ಮಾತುಗಳಲ್ಲಿ ಪುನಾರಚಿಸಿದ ‘ಒಎಸ್‌ಆರ್‌ಐಸಿ’ ಎಂಬ ಕೃತಿ 2006ರಿಂದಲೇ ಪುಕ್ಕಟೆ ಲಭ್ಯವಿತ್ತು. ಮುಕ್ತ ಪರವಾನಗಿಯ ನೆರಳಲ್ಲಿ ಬೆಳೆದ ಇಂಥ ಮರುಸೃಷ್ಟಿಗಳ ಸುತ್ತ ಒಂದು ಇಡೀ ಹಳೆಯಾಟದ ಚಳವಳಿಯೇ ಎದ್ದಿತ್ತು.

ಹಾಗಾಗಿ ಕಂಪನಿ ಕೊರತೆ ಹುಟ್ಟಿಸಿ ಬೆಲೆ ಏರಿಸಿತು ಎಂಬ ವಾದ ಸಾಗುವುದಿಲ್ಲ. ಪಠ್ಯಕ್ಕೆ ಕೊರತೆಯೇ ಇರಲಿಲ್ಲ. ಕೊರತೆ ಇದ್ದದ್ದು ಹೊಸ ಕಾಗದದ ವಾಸನೆಯ, ಬೆನ್ನು ಮುರಿಯದ, ಅಣ್ಣನ ಕಾಫಿ ಕಲೆಯಿಲ್ಲದ ಪ್ರತಿಗೆ ಮಾತ್ರ. ಅದನ್ನು ಬಯಸುವವನು ಬೆಲೆಗೆ ಹೆಚ್ಚು ತಲೆ ಕೆಡಿಸಿಕೊಳ್ಳುವವನಲ್ಲ. 60 ಡಾಲರ್ ಇಟ್ಟಿದ್ದರೂ ಕೊಳ್ಳುತ್ತಿದ್ದ ಎಂದು ನನ್ನ ಊಹೆ. ಇಡಲಿಲ್ಲ ಎನ್ನುವುದೇ ಇಲ್ಲಿ ಕುತೂಹಲದ ಸಂಗತಿ.

ಎರಡು ದಾರಿ, ಎರಡು ಧರ್ಮ

ಉತ್ತರ ಸಿಗುವುದು ವಿತರಣೆಯಲ್ಲಿ. ಅಮೆರಿಕದಲ್ಲಿ ಇಂಥ ಪುಸ್ತಕ ಓದುಗನನ್ನು ತಲುಪಲು ಎರಡು ದಾರಿಗಳಿವೆ. ಅವುಗಳ ವ್ಯವಹಾರ ಧರ್ಮವೇ ಬೇರೆ ಬೇರೆ.

ಒಂದು ಪುಸ್ತಕ ವ್ಯಾಪಾರದ ದಾರಿ. ಇಲ್ಲಿ ಮಾರಾಟವಾಗದ ಪ್ರತಿಯನ್ನು ಅಂಗಡಿ ವಾಪಸ್ ಕಳಿಸಬಹುದು. 1930ರ ದಶಕದ ಆರ್ಥಿಕ ಕುಸಿತದ ಕಾಲದಲ್ಲಿ ಬೇರೂರಿದ ಪದ್ಧತಿ. ಪ್ರಕಾಶಕನ ಪುಸ್ತಕದಲ್ಲಿ ‘ಮಾರಿದ್ದು’ ಎಂದು ಬರೆದುಕೊಂಡದ್ದು ಆರು ತಿಂಗಳ ಮೇಲೆ ಲಾರಿ ತುಂಬಿ ಹಿಂದಕ್ಕೆ ಬರಬಹುದು. ಇನ್ನೊಂದು ಹಾಬಿ ದಾರಿ. ಪ್ರಕಾಶಕನಿಂದ ವಿತರಕ, ವಿತರಕನಿಂದ ಕಾರ್ಡು, ದಾಳ, ಮಿನಿಯೇಚರ್ ಮಾರುವ ಸಣ್ಣ ಅಂಗಡಿ. ಇಲ್ಲಿ ಕೊಂಡದ್ದು ಕೊಂಡಂತೆ, ವಾಪಸ್ ಮಾತಿಲ್ಲ. ಅಂಗಡಿಯವನ ದುಡ್ಡು ಅಂಗಡಿಯವನ ಅಪಾಯ.

ವಾಪಸ್ ಎಂಬ ಮಾತು ಈ ಆಟದ ಚರಿತ್ರೆಯಲ್ಲಿ ಸಣ್ಣದಲ್ಲ. ಟಿಎಸ್‌ಆರ್ ತನ್ನ ಕಾದಂಬರಿ, ಆಟದ ಪುಸ್ತಕಗಳನ್ನು ಪುಸ್ತಕದಂಗಡಿಗಳಿಗೆ ರ‍್ಯಾಂಡಮ್ ಹೌಸ್ ಮೂಲಕ ತಲುಪಿಸುತ್ತಿತ್ತು. 1996ರಲ್ಲಿ ಅಲ್ಲಿಂದ ದೊಡ್ಡ ಪ್ರಮಾಣದ ಮಾಲು ತಿರುಗಿ ಬಂತು. ಸಾಲದಲ್ಲಿ ಮುಳುಗಿದ್ದ ಕಂಪನಿ ಅಚ್ಚಿನವರಿಗೂ ಕೊಡಲಾಗದೆ ಕೈಚೆಲ್ಲಿತು. 1997ರಲ್ಲಿ ವಿಜಾರ್ಡ್ಸ್ ಅದನ್ನು ಕೊಂಡುಕೊಂಡಿತು. ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವು. ಆದರೂ ಈ ಆಟ ವಿಜಾರ್ಡ್ಸ್ ಕೈಗೆ ಬಂದದ್ದರ ಹಿಂದೆ ವಾಪಸಾದ ಪೆಟ್ಟಿಗೆಗಳ ಒಂದು ರಾಶಿಯಿದೆ. ಮೇಲಾಗಿ 2011ರಲ್ಲಿ ಬಾರ್ಡರ್ಸ್ ಎಂಬ ದೇಶವ್ಯಾಪಿ ಪುಸ್ತಕ ಸರಪಳಿ ದಿವಾಳಿಯಾಗಿ, ಸೆಪ್ಟೆಂಬರಿನೊಳಗೆ ಕೊನೆಯ ಅಂಗಡಿಯೂ ಮುಚ್ಚಿತ್ತು. ಮರುಮುದ್ರಣದ ಪ್ರಕಟಣೆ ಅದಾದ ನಾಲ್ಕೇ ತಿಂಗಳಿಗೆ ಬಂದದ್ದು. ಒಂದು ನಿಗದಿತ ಸಂಖ್ಯೆಯ, ಮರಳಿ ಬಂದರೆ ಇಡಲು ಜಾಗವಿಲ್ಲದ ಪುಸ್ತಕವನ್ನು ವಾಪಸ್ ಇಲ್ಲದ ದಾರಿಯಲ್ಲಿ ಕಳಿಸುವುದು ಲೆಕ್ಕಿಗನ ದೃಷ್ಟಿಯಲ್ಲಿ ಸಹಜ.

ಆದರೆ ನಿಜವಾದ ಕಾರಣ ಅಂಗಡಿಯವನ ಗಲ್ಲಾಪೆಟ್ಟಿಗೆ ಎಂದು ನನಗನಿಸುತ್ತದೆ. ಒಂದು ಸಾದಾ ಲೆಕ್ಕ ಹಾಕೋಣ. ಸಣ್ಣ ಅಂಗಡಿಗೆ ಇಂಥ ಪುಸ್ತಕ ಮುಖಬೆಲೆಯ ಅರ್ಧದ ಆಸುಪಾಸಿಗೆ ಸಿಗುತ್ತದೆ ಎನ್ನಿ. 34 ಡಾಲರ್ 95 ಸೆಂಟಿನ ಪುಸ್ತಕಕ್ಕೆ ಅಸಲು ಸುಮಾರು ಹದಿನೇಳೂವರೆ ಡಾಲರ್, ಉಳಿಕೆಯೂ ಅಷ್ಟೇ. ಬಾಡಿಗೆ, ದೀಪ, ಹುಡುಗನ ಸಂಬಳ ಎಲ್ಲ ಅದರೊಳಗೆ. ಇದೇ ಪುಸ್ತಕ ಅಮೆಜಾನ್‌ನಲ್ಲಿ ಶೇಕಡ 35 ರಿಯಾಯಿತಿಗೆ ಬಂದರೆ ಅಲ್ಲಿಯ ಬೆಲೆ 22 ಡಾಲರ್ 72 ಸೆಂಟು. ಅದಕ್ಕೆ ಸರಿಗಟ್ಟಲು ಹೋದರೆ ಅಂಗಡಿಯವನಿಗೆ ಉಳಿಯುವುದು ಐದು ಡಾಲರ್ ಚಿಲ್ಲರೆ. ಹೋಗದಿದ್ದರೆ, ಗಿರಾಕಿ ಅಂಗಡಿಯಲ್ಲಿ ನಿಂತು ಪುಟ ತಿರುವಿ, ‘ಯೋಚನೆ ಮಾಡ್ತೀನಿ’ ಎಂದು ಹೊರಗೆ ಹೋಗಿ ಫೋನಿನಲ್ಲಿ ತರಿಸಿಕೊಳ್ಳುತ್ತಾನೆ. ಕನ್ನಡ ಪುಸ್ತಕ ಮಾರುವವರಿಗೂ ಈ ‘ಯೋಚನೆ’ಯ ಪರಿಚಯ ಚೆನ್ನಾಗಿಯೇ ಇದೆ.

ನಮ್ಮಲ್ಲಿ ಎಂಆರ್‌ಪಿ ಎಂದರೆ ಮೀರಬಾರದ ಗೆರೆ. ಅಮೆರಿಕದಲ್ಲಿ ಪುಸ್ತಕದ ಮೇಲಿನ ಬೆಲೆ ಬರೀ ಸಲಹೆ. ಮೇಲೂ ಹೋಗಬಹುದು, ಕೆಳಗೂ ಇಳಿಯಬಹುದು. ಇದಕ್ಕಿಂತ ಕಡಿಮೆಗೆ ಮಾರಬೇಡಿ ಎಂದು ತಯಾರಕ ಅಂಗಡಿಗಳೊಂದಿಗೆ ಕರಾರು ಮಾಡಿಕೊಳ್ಳುವುದು ಅಲ್ಲಿ 1911ರಿಂದ ತಾನಾಗಿ ಕಾನೂನುಬಾಹಿರವಾಗಿತ್ತು. 2007ರ ಲೀಜಿನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಆ ನಿಷೇಧ ಸಡಿಲಿಸಿ, ಪ್ರಕರಣದಿಂದ ಪ್ರಕರಣಕ್ಕೆ ತೂಗಿ ನೋಡಬೇಕು ಎಂದಿತು. ಅಂದರೆ ದಾರಿ ತೆರೆದರೂ ವಕೀಲರ ಖರ್ಚು ತಪ್ಪಲಿಲ್ಲ. ಯಾರಿಗೆ ಮಾಲು ಕೊಡಬೇಕೆಂದು ಆರಿಸಿಕೊಳ್ಳುವುದು ಅದಕ್ಕಿಂತ ಸರಳ. ಬೆಲೆಯ ಬಗ್ಗೆ ಒಂದು ಮಾತನ್ನೂ ಆಡದೆ, ರಿಯಾಯಿತಿ ಕೊಡಬಲ್ಲವನನ್ನು ಸಾಲಿನಿಂದ ಹೊರಗಿಟ್ಟರೆ ಮುಖಬೆಲೆ ತನ್ನಷ್ಟಕ್ಕೆ ನಿಲ್ಲುತ್ತದೆ. ಹಾಬಿ ಅಂಗಡಿಗಷ್ಟೇ ಎಂಬ ಒಂದು ಷರತ್ತು ಮಾಡಿದ್ದು ಈ ಕೆಲಸವನ್ನು.

ಅಂಗಡಿಯವನನ್ನು ಯಾಕೆ ಓಲೈಸಬೇಕಿತ್ತು? ಈ ಆಟಕ್ಕೆ ಮೇಜು ಬೇಕು, ಜನ ಬೇಕು. ವಿಜಾರ್ಡ್ಸ್ 2010ರಿಂದ ಪ್ರತಿ ಬುಧವಾರ ಸಂಜೆ ಅಂಗಡಿಗಳಲ್ಲಿ ಆಟ ನಡೆಸುವ ‘ಎನ್‌ಕೌಂಟರ್ಸ್’ ಕಾರ್ಯಕ್ರಮ ಹಾಕಿಕೊಂಡಿತ್ತು. ಹೊಸಬರು ಆಟ ಕಲಿಯುತ್ತಿದ್ದದ್ದು ಅಲ್ಲಿ. ಮೇಜು ಕುರ್ಚಿ ಅಂಗಡಿಯವನದು, ಶೌಚಾಲಯ ತೊಳೆಯುವವನೂ ಅವನೇ, ಪುಸ್ತಕ ಮಾರುವುದು ಅಮೆಜಾನ್. ಈ ಅನ್ಯಾಯ ಎಲ್ಲರಿಗೂ ಗೊತ್ತಿದ್ದದ್ದೇ. ಎರಡು ವರ್ಷದ ಮೇಲೆ ಬರಲಿರುವ ಹೊಸ ಆವೃತ್ತಿಯನ್ನು ಇದೇ ಅಂಗಡಿಯವನು ಗಿರಾಕಿಯ ಕೈಗಿಟ್ಟು ‘ಇದು ಚೆನ್ನಾಗಿದೆ, ನೋಡಿ’ ಅನ್ನಬೇಕು. ಅವನ ಬಾಯಲ್ಲಿ ಆ ಮಾತು ಬರಬೇಕಾದರೆ ಅವನಿಗೆ ಮುಂಚೆ ಏನಾದರೂ ಸಿಗಬೇಕು. ಮೂರು ಪುಸ್ತಕ, ಸೆಟ್ಟಿಗೆ ಐವತ್ತು ಡಾಲರ್ ದಾಟಿದ ಉಳಿಕೆ, ಎದುರಾಳಿ ಇಲ್ಲದ ಮಾರಾಟ: ಇದೇ ಆ ‘ಏನಾದರೂ’.

60 ಡಾಲರ್ ಯಾಕೆ ಇಡಲಿಲ್ಲ ಎಂಬುದಕ್ಕೂ ಇಲ್ಲೇ ಉತ್ತರವಿದೆ. ವಾಪಸ್ ಇಲ್ಲದ ಮಾಲನ್ನು ಸಣ್ಣ ಅಂಗಡಿ ಧೈರ್ಯವಾಗಿ ಎತ್ತಬೇಕಾದರೆ ಬೆಲೆ ಅದರ ಗಿರಾಕಿಗೆ ಪರಿಚಿತವಾಗಿರಬೇಕು. ಕಪಾಟಿನಲ್ಲೇ ಧೂಳು ಹಿಡಿದರೆ ಕೃತಜ್ಞತೆಯ ಬದಲು ಶಾಪ ಸಿಗುತ್ತದೆ.

ಗೈಗ್ಯಾಕ್ಸ್ ಹೆಸರು

ಸ್ಮಾರಕ ನಿಧಿಯ ವಿಷಯ ಚಿಕ್ಕದು, ಆದರೆ ಬೆಲೆಯ ಕತೆಯಲ್ಲಿ ಅದಕ್ಕೊಂದು ಪಾತ್ರವಿದೆ. ಗೈಗ್ಯಾಕ್ಸ್ ತಾವೇ ಕಟ್ಟಿದ ಕಂಪನಿಯ ಹಿಡಿತವನ್ನು 1985ರಲ್ಲಿ ಕಳೆದುಕೊಂಡು, ಮರುವರ್ಷ ಹೊರಬಂದರು. 2008ರ ಮಾರ್ಚ್ 4ರಂದು ಲೇಕ್ ಜಿನೀವಾದಲ್ಲೇ ತೀರಿಕೊಂಡರು. ಊರಲ್ಲಿ ಅವರ ಪ್ರತಿಮೆ ನಿಲ್ಲಿಸಲು ಅವರ ಪತ್ನಿಯ ಮುಂದಾಳತ್ವದಲ್ಲಿ ನಿಧಿ ಹುಟ್ಟಿತು. ಆ ನಿಧಿಗೆ ಒಂದು ಪಾಲು ಹೋಗುತ್ತದೆ ಎಂದಾಕ್ಷಣ ‘128 ಪುಟಕ್ಕೆ ಮೂವತ್ತೈದು ಡಾಲರೇ?’ ಎಂದು ಕೇಳುವವನ ಬಾಯಿ ಕಟ್ಟುತ್ತದೆ. ಗುಡಿಯ ಜೀರ್ಣೋದ್ಧಾರದ ರಸೀದಿ ಪುಸ್ತಕ ಹಿಡಿದು ಬಂದವರ ಹತ್ತಿರ ಯಾರು ಚೌಕಾಸಿ ಮಾಡುತ್ತಾರೆ? ಇದರಲ್ಲಿ ಕಪಟವಿತ್ತು ಎನ್ನುತ್ತಿಲ್ಲ. ಒಳ್ಳೆಯ ಕೆಲಸವೇ, ವ್ಯಾಪಾರಕ್ಕೂ ಒದಗಿತು. ಅಂದಹಾಗೆ ಇದೇ ಪುಸ್ತಕಗಳ ಗೌರವಧನಕ್ಕಾಗಿ ಆರ್ನೆಸನ್ 1979ರಲ್ಲಿ ಮೊಕದ್ದಮೆ ಹೂಡಬೇಕಾಗಿ ಬಂದಿತ್ತು. 2009ರಲ್ಲಿ ತೀರಿಕೊಂಡ ಅವರ ಹೆಸರು ಈ ಮರುಮುದ್ರಣದ ಪ್ರಚಾರದಲ್ಲಿ ಮುಂದೆ ಬರಲಿಲ್ಲ.

ಬಾಗಿಲ ಹೊರಗೆ ನಿಂತವರು

ಈ ಏರ್ಪಾಡಿನ ಬೆಲೆ ತೆತ್ತವನು, ಹತ್ತಿರದಲ್ಲಿ ಆಟದಂಗಡಿಯಿಲ್ಲದ ಓದುಗ. 1980ರಲ್ಲಿ ಹದಿಮೂರು ವರ್ಷದವನಾಗಿ ಆಡಿದವನಿಗೆ 2012ರಲ್ಲಿ ನಲವತ್ತೈದು. ಆಟ ಬಿಟ್ಟು ಇಪ್ಪತ್ತು ವರ್ಷ ಆಗಿರುತ್ತದೆ. ಹಾಬಿ ಅಂಗಡಿಯ ಹಾದಿ ಮರೆತಿರುತ್ತದೆ. ಒಳಗೆ ಹೋದರೂ ಕಾರ್ಡಾಟದಲ್ಲಿ ಮುಳುಗಿದ ಹುಡುಗರ ನಡುವೆ ಮದುವೆಮನೆಗೆ ತಪ್ಪಿ ಬಂದವನ ಹಾಗೆ ನಿಲ್ಲುತ್ತಾನೆ. ಇವನು ಈ ಪುಸ್ತಕದ ಅತ್ಯಂತ ಸಹಜ ಗಿರಾಕಿ. ಇವನು ಶನಿವಾರ ಮಕ್ಕಳೊಂದಿಗೆ ಹೋಗುವುದು ಮಾಲ್‌ನ ಪುಸ್ತಕದಂಗಡಿಗೆ. ಕಪಾಟಿನಲ್ಲಿ ಹಳೆಯ ಗೆಳೆಯ ಕಂಡರೆ ಕಣ್ಣರಳಿಸಿ ಎತ್ತಿಕೊಳ್ಳುತ್ತಿದ್ದ. ಅಲ್ಲಿ ಪುಸ್ತಕವೇ ಇರಲಿಲ್ಲ. ಹೊಸ ಆವೃತ್ತಿಗೆ ಹಳಬರನ್ನು ಮರಳಿ ಕರೆಯುವುದು ಗುರಿಯಾಗಿದ್ದರೆ, ಬಿಟ್ಟುಹೋದವರು ಎಂದೂ ಕಾಲಿಡದ ಜಾಗದಲ್ಲಿ ಕರೆಯೋಲೆ ಅಂಟಿಸಿದಂತಾಯಿತು. ಈ ಪ್ರಕರಣದಲ್ಲಿ ನನಗೆ ನಿಜವಾದ ತಪ್ಪಾಗಿ ಕಾಣುವುದು ಇದೊಂದೇ.

ದೇಶದ ಹೊರಗಿದ್ದವರ ಪಾಡು ಬೇರೆ. ಆಗ ಬೆಂಗಳೂರಿನಲ್ಲಿದ್ದ ಆಟಗಾರನಿಗೆ ಇಂಥ ಪುಸ್ತಕ ಬರುವ ದಾರಿ ಒಂದೇ: ಡಿಸೆಂಬರ್ ರಜಕ್ಕೆ ಬರುವ ಭಾವನ ಸೂಟ್‌ಕೇಸು. ಅದಕ್ಕೂ ಆ ಭಾವ ಅಲ್ಲಿ ಒಂದು ಹಾಬಿ ಅಂಗಡಿ ಹುಡುಕಿ ಹೋಗಬೇಕು. ಅಮೆಜಾನ್‌ನಿಂದ ಮನೆಗೆ ತರಿಸಿಕೊಂಡು ಚೀಲಕ್ಕೆ ಹಾಕಿಕೊಂಡಷ್ಟು ಸಲೀಸಲ್ಲ. ‘ಆಟದ ಪುಸ್ತಕಕ್ಕೆ ಇಷ್ಟೊಂದಾ?’ ಎಂಬ ಅಕ್ಕನ ಪ್ರಶ್ನೆ ಬೇರೆ.

ಬಾಗಿಲೊಂದೇ ಆದರೂ ಬಿರುಕುಗಳಿರುತ್ತವೆ. ಕೊಂಡ ಪುಸ್ತಕವನ್ನು ಮರುಮಾರುವ ಹಕ್ಕು ಅಮೆರಿಕದ ಕಾನೂನಿನಲ್ಲಿ ಗಟ್ಟಿಯಾಗಿದೆ. ಹಾಬಿ ಅಂಗಡಿಯವನೇ ತನ್ನ ಪ್ರತಿಗಳನ್ನು ಇಬೇಗೋ ಅಮೆಜಾನ್‌ನ ಮಾರುಕಟ್ಟೆಗೋ ಏರಿಸಿದರೆ ತಡೆಯುವುದು ಸುಲಭವಲ್ಲ. ಆದರೆ ಹಾಗೆ ಏರಿಸಿದವನು ಅರ್ಧ ಬೆಲೆಗೆ ಕೊಂಡವನಾದ್ದರಿಂದ ಅಮೆಜಾನ್ ಎಂಬ ದೈತ್ಯನಷ್ಟು ಕೆಳಗಿಳಿಯಲಾರ. ಮುಖಬೆಲೆ ಅಲ್ಲಾಡಿದರೂ ಬೀಳುವುದಿಲ್ಲ.

ಆಮೇಲೆ

2013ರ ಜನವರಿಯಲ್ಲಿ ವಿಜಾರ್ಡ್ಸ್ ಹಳೆಯ ಕೃತಿಗಳ ಪಿಡಿಎಫ್ ಮಾರಾಟವನ್ನು ಮತ್ತೆ ಶುರುಮಾಡಿತು. ಮುಚ್ಚಿದ ಬಾಗಿಲು ನಾಲ್ಕು ವರ್ಷಕ್ಕೆ ತೆರೆಯಿತು. ಪಠ್ಯ ಬೇಕಾದವನಿಗೆ ಪಿಡಿಎಫ್, ವಸ್ತು ಬೇಕಾದವನಿಗೆ ಪ್ರೀಮಿಯಂ ಪ್ರತಿ ಎಂಬ ವಿಂಗಡಣೆ ಅಲ್ಲಿಂದ ಸ್ಪಷ್ಟವಾಯಿತು. ಅದರ ತುದಿ ಮುಟ್ಟಿದ್ದು ಅದೇ ವರ್ಷದ ನವೆಂಬರಿನಲ್ಲಿ: 1974ರ ಮೂರು ಹೊತ್ತಗೆ ಮತ್ತು ಅದರ ನಾಲ್ಕು ಪೂರಕಗಳು, ದಾಳಗಳ ಜೊತೆ ಮರದ ಪೆಟ್ಟಿಗೆಯಲ್ಲಿ, 149 ಡಾಲರ್ 99 ಸೆಂಟಿಗೆ. ಇಲ್ಲಿ ಮಾತ್ರ ಕೊರತೆ ನಿಜವಾದದ್ದು. 1974ರ ಮೂಲ ಪೆಟ್ಟಿಗೆ ಸಂಗ್ರಾಹಕರ ಪೇಟೆಯಲ್ಲಿ ಸಾವಿರಗಟ್ಟಲೆ ಡಾಲರ್ ಬಾಳುವ ಸರಕು. ಹಾಗಾಗಿ ನೂರೈವತ್ತು ಡಾಲರ್ ದುಬಾರಿಯೆಂದು ಗೊಣಗಿದವನು ಕೂಡ ಮೂಲದ ಬೆಲೆ ನೋಡಿ ಸುಮ್ಮನಾಗಬಹುದಿತ್ತು. 2012ರಲ್ಲಿ ಕಂಪನಿಗೆ ಆ ಅನುಕೂಲ ಇರಲಿಲ್ಲ.

ಮರುಮುದ್ರಣಗಳು ಮುಗಿದರೂ ಅವು ಕಲಿಸಿದ ವಿದ್ಯೆ ಉಳಿಯಿತು. ಐದನೇ ಆವೃತ್ತಿಯ ಕೈಪಿಡಿ 2014ರಲ್ಲಿ ಆಯ್ದ ಅಂಗಡಿಗಳಿಗೆ ಆಗಸ್ಟ್ 8ಕ್ಕೆ ಬಂತು, ಉಳಿದ ಲೋಕಕ್ಕೆ 19ಕ್ಕೆ. 2016ರ ನವೆಂಬರಿನ ‘ವೋಲೋಸ್ ಗೈಡ್ ಟು ಮಾನ್‌ಸ್ಟರ್ಸ್’ ಪುಸ್ತಕದಿಂದ ಇನ್ನೊಂದು ಸೂಕ್ಷ್ಮ ಉಪಾಯ ಸೇರಿಕೊಂಡಿತು. ಒಳಗೆ ಅದೇ ಪುಟ, ಅದೇ 49 ಡಾಲರ್ 95 ಸೆಂಟು, ಆದರೆ ಬೇರೆ ಚಿತ್ರದ ಹೊದಿಕೆಯ ಸೀಮಿತ ಪ್ರತಿ ಹಾಬಿ ಅಂಗಡಿಯಲ್ಲಿ ಮಾತ್ರ. 2012ರ ದೋಷ ಇದರಲ್ಲಿ ಇಲ್ಲ. ಪುಸ್ತಕ ಎಲ್ಲ ಕಡೆ ಸಿಗುತ್ತದೆ, ಬಿಟ್ಟುಹೋದವನು ಮಾಲ್‌ನಲ್ಲೇ ಕೊಳ್ಳಬಹುದು. ರಿಯಾಯಿತಿ ಬೇಕಾದವನು ಅಮೆಜಾನ್‌ಗೆ ಹೋಗಲಿ, ಚಂದದ ಹೊದಿಕೆ ಬೇಕಾದವನು ಪೂರ್ತಿ ದುಡ್ಡು ಕೊಟ್ಟು ಅಂಗಡಿಗೆ ಬರಲಿ. ಗಿರಾಕಿ ತಾನಾಗಿ ಎರಡು ಸಾಲಾಗಿ ನಿಲ್ಲುತ್ತಾನೆ. ಅಂಗಡಿಯವನಿಗೆ ಕೊಡುವ ಕಾಣಿಕೆಗೆ ಪ್ರಕಾಶಕನಿಗೆ ತಗುಲುವ ಖರ್ಚು ಒಂದು ಹೊದಿಕೆಯ ಚಿತ್ರದ್ದು. ಹತ್ತು ವರ್ಷದ ಈ ಪ್ರಯೋಗಗಳಲ್ಲಿ ಇದೇ ಅತ್ಯಂತ ಜಾಣತನದ್ದು ಎಂದು ನನ್ನ ಎಣಿಕೆ.

2024ರ ಹೊಸ ಕೈಪಿಡಿಯೂ ಇದೇ ಜಾಡಿನಲ್ಲಿ ಬಂತು: 384 ಪುಟ, 49 ಡಾಲರ್ 99 ಸೆಂಟು, ಅಂಗಡಿಗಳಿಗೆ ಬೇರೆ ಹೊದಿಕೆ, ಸೆಪ್ಟೆಂಬರ್ 17ರ ಅಧಿಕೃತ ಬಿಡುಗಡೆಗೆ ಎರಡು ವಾರ ಮುಂಚೆ 3ರಂದೇ ಮಾರಾಟ. ಒಂದು ವ್ಯತ್ಯಾಸವಿತ್ತು. ಅದೇ 3ನೇ ತಾರೀಕು ಕಂಪನಿಯ ಸ್ವಂತ ಜಾಲತಾಣದ ಮೇಲಿನ ದರ್ಜೆಯ ಚಂದಾದಾರರಿಗೆ ಡಿಜಿಟಲ್ ಪ್ರತಿ ಕೂಡ ತೆರೆದುಕೊಂಡಿತು. ಅಂಗಡಿಯವನು ಬೆಳಗ್ಗೆ ಷಟರ್ ಎತ್ತುವ ಹೊತ್ತಿಗೆ ಅವನ ಕೆಲವು ಗಿರಾಕಿಗಳು ಮನೆಯಲ್ಲೇ ಕೂತು ಪುಸ್ತಕ ಓದತೊಡಗಿದ್ದರು. ಮಾರಿದವರು ಈ ಸಲ ಅಮೆಜಾನ್ ಅಲ್ಲ, ಪ್ರಕಾಶಕರೇ.